ಮೊದಲು ಆಫ್ ಮಾಡಿ

ಮೃಗಶಿರಾ ಮಳೆ ಹಿಡಿದ ಮೂರನೆಯ ದಿನ ಬೆಳಿಗ್ಗೆ ನಾನು ನನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ವಯಸ್ಸಾದ ಅಮ್ಮ ಒಬ್ಬರು ಮೆಟ್ಟಿಲ ಮೇಲೆ ಕಾದು ಕುಳಿತಿದ್ದರು. ಪಕ್ಕದಲ್ಲಿ ಒದ್ದೆ ಕೊಡೆ, ಮಡಿಲಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಅಕ್ಕಿ, ಅಕ್ಕಿಯ ನಡುವೆ ಹೂತಿಟ್ಟ ಮೊಬೈಲ್. ಹುಲೇಕಲ್ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಶಿರಸಿಗೆ ಬಂದಿದ್ದರು.

"ಮೂರು ದಿನ ಅಕ್ಕಿಯಲ್ಲಿ ಇಟ್ಟಿದ್ದೇನೆ ತಂಗೀ, ಈಗಲಾದರೂ ಒಣಗಿರಬೇಕಲ್ಲವೇ?" ಎಂದರು.

ನಡೆದದ್ದು ಇಷ್ಟು. ಸಂಜೆ ಹಾಲು ಕರೆಯುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನ್ ಜಾರಿ ಕೊಟ್ಟಿಗೆಯ ನೀರಿನ ಬಕೆಟ್ಟಿಗೆ ಬಿತ್ತು. ತಕ್ಷಣ ಎತ್ತಿದರು, ಸೆರಗಿನಿಂದ ಒರೆಸಿದರು. ಪರದೆ ಬೆಳಗುತ್ತಿತ್ತು. ಮಗಳಿಗೆ ಕರೆ ಮಾಡಿ ನೋಡಿದರು, ಮಾತು ಕೇಳಿಸಿತು. ಏನೂ ಆಗಲಿಲ್ಲ ಎಂದುಕೊಂಡು ರಾತ್ರಿ ಎಂದಿನಂತೆ ಚಾರ್ಜಿಗೆ ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ಪೂರ್ತಿ ಸತ್ತಿತ್ತು. ಆಮೇಲೆ ಯಾರೋ ಹೇಳಿದರೆಂದು ಅಕ್ಕಿ ಡಬ್ಬಿ.

ಈ ಕಥೆಯನ್ನು ಪ್ರತಿ ಮಳೆಗಾಲದಲ್ಲೂ ಕೇಳುತ್ತೇನೆ. ಹೆಸರು ಬೇರೆ, ಊರು ಬೇರೆ, ಬಕೆಟ್ ಬದಲು ಬಾವಿಕಟ್ಟೆ ಅಥವಾ ಗದ್ದೆಯ ಕೆಸರು. ಆದರೆ ಫೋನ್ ಸಾಯುವುದು ನೀರಿಗೆ ಬಿದ್ದ ಗಳಿಗೆಯಲ್ಲಲ್ಲ. "ಸರಿ ಇದೆಯೋ ಇಲ್ಲವೋ ನೋಡೋಣ" ಎಂದು ನಾವು ಅದನ್ನು ಚಾಲೂ ಮಾಡಿ, ಕರೆ ಮಾಡಿ, ಚಾರ್ಜಿಗೆ ಹಾಕುತ್ತೇವಲ್ಲ, ಆಗ ಸಾಯುತ್ತದೆ. ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು ಸುಮ್ಮನೆ ಕುಳಿತಿದ್ದರೆ ಮಾಡುವ ಹಾನಿ ನಿಧಾನದ್ದು. ಅದರೊಳಗೆ ವಿದ್ಯುತ್ ಹರಿದರೆ ತಾಮ್ರ ಕರಗಲು ಶುರುವಾಗುತ್ತದೆ. ಒಂದು ಬದಿ ಸವೆಯುತ್ತದೆ, ಇನ್ನೊಂದು ಬದಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ದೇವರ ಮನೆಯ ತಾಮ್ರದ ತಂಬಿಗೆಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕಿಲುಬು, ಚಾರ್ಜಿಗೆ ಹಾಕಿದ ಒದ್ದೆ ಫೋನಿನಲ್ಲಿ ಒಂದೇ ರಾತ್ರಿಯಲ್ಲಿ ಹಿಡಿದದ್ದನ್ನು ನಾನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದ್ದೇನೆ.

ಅಕ್ಕಿಯ ಬಗ್ಗೆ ಒಂದು ಮಾತು. ಅಂಟು ಹಾಕಿ ಮುಚ್ಚಿದ ಫೋನಿನ ಹೊಟ್ಟೆಯೊಳಗಿನ ನೀರನ್ನು ಹೊರಗಿರುವ ಅಕ್ಕಿ ಎಳೆದುಕೊಳ್ಳಲಾರದು. ನಮ್ಮ ಮಳೆಗಾಲದಲ್ಲಂತೂ ಡಬ್ಬಿಯ ಅಕ್ಕಿಯೇ ಹಸಿ ಹಿಡಿದಿರುತ್ತದೆ. ಬದಲಿಗೆ ಅಕ್ಕಿಯ ಬಿಳಿ ಹುಡಿ ಚಾರ್ಜಿಂಗ್ ಕಿಂಡಿಯೊಳಗೆ ಹೋಗಿ ನೀರಿನೊಡನೆ ಕಲಸಿ ಗಂಜಿಯಂತಾಗುತ್ತದೆ. ಆ್ಯಪಲ್ ಕಂಪನಿಯೂ 2024ರ ಆರಂಭದಲ್ಲಿ ತನ್ನ ಸಹಾಯ ಪುಟದಲ್ಲಿ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಸಣ್ಣ ಕಣಗಳಿಂದ ಫೋನ್ ಹಾಳಾಗಬಹುದು ಎಂದು ಬರೆಯಿತು. ಅಕ್ಕಿಯಿಂದ ಆಗುವ ದೊಡ್ಡ ನಷ್ಟ ಅದೂ ಅಲ್ಲ. ಮೂರು ದಿನ ಹೋಗುತ್ತದೆ. ಆ ಮೂರು ದಿನ ಒಳಗೆ ಕಿಲುಬು ಬೆಳೆಯುತ್ತಿರುತ್ತದೆ.

ನೀರಿಗೆ ಬಿದ್ದ ಫೋನನ್ನು ಎತ್ತಿದ ಕೂಡಲೇ ಆಫ್ ಮಾಡಿ. ಮೊದಲು ಒರೆಸಿ ಆಮೇಲೆ ಆಫ್ ಮಾಡುವುದಲ್ಲ, ಮೊದಲೇ ಆಫ್. ತಾನಾಗಿ ಆಫ್ ಆಗಿದ್ದರೆ ಆನ್ ಮಾಡಲು ಹೋಗಬೇಡಿ. ಕವರ್ ಬಿಚ್ಚಿ, ಸಿಮ್ ಟ್ರೇ ಹೊರಗೆ ಎಳೆದಿಡಿ. ಚಾರ್ಜಿಂಗ್ ಕಿಂಡಿ ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕೊಡವಿದರೆ ಬದಿಯಲ್ಲಿದ್ದ ನೀರು ನಡುವಿಗೆ ಹೋಗುತ್ತದೆ. ಹೇರ್ ಡ್ರೈಯರ್ ಬೇಡ, ಬಚ್ಚಲ ಒಲೆಯ ಬದಿಯೂ ಬೇಡ. ಫ್ಯಾನಿನ ಗಾಳಿಯಲ್ಲಿಟ್ಟು, ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ, ಬಿಚ್ಚಿ ಸ್ವಚ್ಛ ಮಾಡಬಲ್ಲವರ ಕೈಗೆ ಕೊಡಿ. ಅದೇ ದಿನ ಬಂದ ಫೋನಿಗೆ ಹೆಚ್ಚಿನ ಸಲ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬ್ರಷ್‌ನ ಕೆಲಸವಷ್ಟೇ ಸಾಕಾಗುತ್ತದೆ.

ಅಮ್ಮನ ಫೋನ್ ಬಿಚ್ಚಿದೆ. ಒಳಗಿನ ಬಿಳಿ ಚುಕ್ಕೆ ಕೆಂಪಾಗಿತ್ತು. ಅದು ನೀರು ತಾಗಿದ್ದನ್ನು ಹೇಳುವ ಅಂಟುಚೀಟಿ, ಅದು ಕೆಂಪಾದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ಪಾದ ಐಸಿಯ ಸುತ್ತ ಹಸಿರೋ ಹಸಿರು. ಹೊಸ ಫೋನ್ ಕೊಳ್ಳುವುದೇ ಲೇಸು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು, "ಫೋನ್ ಹೋದರೆ ಹೋಗಲಿ, ಅದರಲ್ಲಿ ನಮ್ಮ ಅತ್ತೆಯವರ ಹಾಡುಗಳಿವೆ" ಎಂದರು.

ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಹವ್ಯಕರ ಮದುವೆಯಲ್ಲಿ ಹೆಂಗಸರು ಹೇಳುವ ಸಂಪ್ರದಾಯದ ಹಾಡುಗಳು, ಎಣ್ಣೆ ಹಚ್ಚುವಾಗಿನದು, ಹೆಣ್ಣು ಒಪ್ಪಿಸುವಾಗಿನದು, ಹೀಗೆ ಹದಿನೇಳನ್ನು ಅವರಿಂದ ಹಾಡಿಸಿ ಫೋನಿನಲ್ಲಿ ದಾಖಲಿಸಿಕೊಂಡಿದ್ದರು. ಬೇರೆಲ್ಲೂ ಪ್ರತಿ ಇರಲಿಲ್ಲ. ಈಗಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ನೆನಪಿನ ಚಿಪ್ಪನ್ನು ಕಿತ್ತು ಇನ್ನೊಂದು ಫೋನಿಗೆ ಹಚ್ಚಿದರೆ ಓದಲಾಗುವುದಿಲ್ಲ, ಅದೇ ಬೋರ್ಡಿಗೇ ಜೀವ ಬರಬೇಕು. ಎರಡು ಸಂಜೆ ಕುಳಿತೆ. ತೊಳೆದು, ಒಣಗಿಸಿ, ಐಸಿ ಬದಲಿಸಿ, ಬೇರೆ ಬ್ಯಾಟರಿ ಜೋಡಿಸಿದೆ. ಎರಡನೆಯ ರಾತ್ರಿ ಪರದೆ ಬೆಳಗಿತು. ಬೋರ್ಡ್ ಬಿಸಿಯಾಗಿ ಮತ್ತೆ ಆರಿಹೋಗುವಷ್ಟರಲ್ಲಿ ಹದಿನಾಲ್ಕು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಆಮೇಲೆ ಏನು ಮಾಡಿದರೂ ಅದು ಏಳಲಿಲ್ಲ.

ಇನ್ನೊಂದು ಪ್ರತಿ ಇಡುವುದು ಕಷ್ಟದ ಕೆಲಸವಲ್ಲ. ಗೂಗಲ್ ಖಾತೆಯೊಂದಿಗೆ ಬರುವ 15 ಜಿಬಿ ಉಚಿತ ಜಾಗದಲ್ಲಿ ಇಂಥ ಹಾಡುಗಳು ಸಾವಿರ ಹಿಡಿಸುತ್ತವೆ. 2021ರ ಜೂನ್‌ನಿಂದ ಫೋಟೊಗಳೂ ಅದೇ ಲೆಕ್ಕಕ್ಕೆ ಸೇರುವುದರಿಂದ ಹೆಚ್ಚಿನವರದು ಬೇಗ ತುಂಬಿಹೋಗಿರುತ್ತದೆ. ಶುಭೋದಯದ ಚಿತ್ರಗಳನ್ನೂ ವಿಡಿಯೊಗಳನ್ನೂ ಅಳಿಸಿದರೆ ಜಾಗ ತೆರವಾಗುತ್ತದೆ. ಅದೂ ಬೇಡವೆನಿಸಿದರೆ ಒಂದು ಪೆನ್‌ಡ್ರೈವ್ ಸಾಕು. ಮನೆಯ ಕಪಾಟಿನಲ್ಲಿ ಪಹಣಿ ಪತ್ರಗಳ ಜೊತೆಗೆ ಅದಕ್ಕೂ ಒಂದು ಜಾಗವಿರಲಿ. ನಮ್ಮ ಸೀಮೆಯ ಅಜ್ಜಿಯಂದಿರ ಹಾಡು, ಕಥೆ, ಔಷಧಿಯ ತಿಳಿವಳಿಕೆ ಎಷ್ಟೋ ಮನೆಗಳಲ್ಲಿ ಈಗ ಒಂದೇ ಒಂದು ಫೋನಿನಲ್ಲಿ ಇದೆ. ಅದನ್ನು ನೆನೆದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಮಳೆನೀರಿಗಿಂತಲೂ ಕೆಟ್ಟದ್ದು ತೋಟದ ಮದ್ದು. ಅಡಿಕೆಗೆ ಕೊಳೆ ರೋಗ ಬರದಂತೆ ಮಳೆಗಾಲದ ಆರಂಭದಲ್ಲೊಮ್ಮೆ, ಆಮೇಲೆ ನಲವತ್ತು-ನಲವತ್ತೈದು ದಿನಕ್ಕೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರ ಮೈಮೇಲೆಲ್ಲ ಅದರ ತುಂತುರು, ಜೇಬಿನಲ್ಲಿ ಫೋನ್. ಕೆಳಗಿರುವವರೊಂದಿಗೆ ಮಾತನಾಡಲು, ಮನೆಗೆ ಸುದ್ದಿ ಹೇಳಲು ಅವರಿಗೆ ಫೋನ್ ಬೇಕೇ ಬೇಕು. ಆ ತಾಮ್ರದ ಉಪ್ಪು ಚಾರ್ಜಿಂಗ್ ಪಿನ್ನಿನ ಮೇಲೆ ಒಣಗಿ, ಸಂಜೆ ಚಾರ್ಜರ್ ಚುಚ್ಚಿದಾಗ ತನ್ನ ಕೆಲಸ ಶುರು ಮಾಡುತ್ತದೆ. ಜುಲೈ ತಿಂಗಳಿನಲ್ಲಿ ನನ್ನ ಮೇಜಿಗೆ ಬರುವ ನೀಲಿ-ಹಸಿರು ಪಿನ್ನುಗಳೆಲ್ಲ ಹೀಗೆ ಆದವು. ಬಾಯಿ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಚೀಲ ಹತ್ತು ರೂಪಾಯಿಗೆ ಸಿಗುತ್ತದೆ. ಪರದೆಯನ್ನು ಅದರ ಮೇಲಿಂದಲೇ ಒತ್ತಬಹುದು, ಮಾತೂ ಕೇಳಿಸುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೊಂದು ತೊಂದರೆ: ಸಿಪ್ಪೆಯ ಸಣ್ಣ ನಾರು ಕಿಂಡಿಯೊಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ, ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ. "ಪಿನ್ ಹೋಗಿದೆ, ಹೊಸದು ಹಾಕಿ" ಎನ್ನುತ್ತಾ ಬರುತ್ತಾರೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಹತ್ತಿಯ ಉಂಡೆಯಂತೆ ಹೊರಗೆ ಬರುತ್ತದೆ. ಸೂಜಿ, ಸೇಫ್ಟಿ ಪಿನ್ ಮಾತ್ರ ಬೇಡ.

"ನಮ್ಮದು ನೀರು ಹೋಗದ ಫೋನ್" ಎನ್ನುವವರೂ ಇದ್ದಾರೆ. ಅಂಥ ಫೋನುಗಳಿಗೆ ಕೊಡುವ ಐಪಿ67 ಎಂಬ ಗುರುತಿನ ಅರ್ಥ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಮೂವತ್ತು ನಿಮಿಷ. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ. ಒಮ್ಮೆ ನೆಲಕ್ಕೆ ಬಿದ್ದು ಅಂಚು ಬಿಟ್ಟ, ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಫೋನಿಗೆ ಆ ಭರವಸೆ ಇಲ್ಲ. ನಾನೇ ಅಂಟಿಸಿದ್ದಾದರೂ ಇಲ್ಲ ಎಂದು ಗಿರಾಕಿಗಳಿಗೆ ಹೇಳಿಯೇ ಕೊಡುತ್ತೇನೆ.

ಬ್ಯಾಟರಿಯ ವಿಷಯಕ್ಕೆ ಬಂದರೆ ನನಗೆ 2007 ನೆನಪಾಗುತ್ತದೆ. ಅಣ್ಣನ ಅಂಗಡಿಯಲ್ಲಿ ನಾನು ಕೆಲಸ ಕಲಿಯಲು ಕುಳಿತ ವರ್ಷ ಅದು. ಆಗಸ್ಟ್‌ನಲ್ಲಿ ನೋಕಿಯಾ ಕಂಪನಿ ಬಿಎಲ್-5ಸಿ ಎಂಬ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಜಪಾನಿನ ಮತ್ಸುಷಿತಾ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದು, ಬೇಕಾದವರಿಗೆ ಬದಲಿಸಿಕೊಡುತ್ತೇವೆ ಎಂದು. ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ತಡ, ಜನ ಫೋನಿನ ಬೆನ್ನು ಬಿಚ್ಚಿ ಬ್ಯಾಟರಿ ಹಿಡಿದುಕೊಂಡು ಅಂಗಡಿಯ ಮುಂದೆ ನಿಂತರು. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಹೇಳುವುದೇ ನನ್ನ ಮೊದಲ ಕೆಲಸವಾಯಿತು. ಆಗ ಬ್ಯಾಟರಿ ಊದಿದರೆ ಬೆರಳಿನಿಂದ ತೆಗೆದು ಪಕ್ಕಕ್ಕಿಡಬಹುದಿತ್ತು. ಈಗ ಅದು ಒಳಗೇ ಅಂಟಿಕೊಂಡಿರುತ್ತದೆ. ಊದಿದರೆ ಹಿಂಬದಿಯ ಮುಚ್ಚಳ ಅಥವಾ ಪರದೆ ಮೇಲೇಳುತ್ತದೆ, ಮೇಜಿನ ಮೇಲಿಟ್ಟು ತಿರುಗಿಸಿದರೆ ಬುಗುರಿಯಂತೆ ತಿರುಗುತ್ತದೆ. ಹಾಗೆ ಕಂಡ ದಿನವೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡಿ. ಒಳಗೆ ಅನಿಲ ತುಂಬಿದ ಚೀಲವದು. ಒತ್ತಿ ಮುಚ್ಚಳ ಕೂರಿಸಲು ಹೋದವರ ಅಂಗೈ ಸುಟ್ಟದ್ದನ್ನು ಕಂಡಿದ್ದೇನೆ.

ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಹೆಚ್ಚಿನ ಕಂಪನಿಗಳು ಫೋನ್ ಬಳಸಲು ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ದಿಂಬಿನ ಅಡಿ ಚಾರ್ಜ್, ಬೈಕಿನ ಟ್ಯಾಂಕಿನ ಮೇಲೆ ಬಿಸಿಲು, ಒಲೆಯ ಮೇಲಿನ ಗೂಡು, ಇವುಗಳಿಂದ ದೂರವಿಡಿ. ನಮ್ಮಲ್ಲಿ ಸಿಗ್ನಲ್ ಸಿಗದ ಹಳ್ಳಿಗಳು ಇನ್ನೂ ಬಹಳ. ಅಲ್ಲಿ ಫೋನ್ ಇಡೀ ದಿನ ಮೊಬೈಲ್ ಟವರನ್ನು ಹುಡುಕುತ್ತಾ ಬಿಸಿಯಾಗಿ ಬ್ಯಾಟರಿ ತಿನ್ನುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಚಾಲೂ ಇಟ್ಟುಕೊಳ್ಳಬಹುದು. ಆದರೆ ಕರೆಗಳು ವೈಫೈ ಮೂಲಕ ಬರುವಂತೆ ಹೊಂದಿಸಿಕೊಂಡಿರಬೇಕು. ಗುಡುಗು ಸಿಡಿಲು ಶುರುವಾದರೆ ಚಾರ್ಜರ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಚಾರ್ಜರ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇವೆಯೇ ನೋಡಿ. ಆ ಸಂಖ್ಯೆ ನಿಜವೋ ಸುಳ್ಳೋ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಚಾರ್ಜರ್ ಎಂದಾಗಲೆಲ್ಲ ನಮ್ಮ ಮಾಸ್ತರರು ಕಣ್ಣ ಮುಂದೆ ಬರುತ್ತಾರೆ. ನನಗೆ ಏಳನೆಯ ತರಗತಿಯಲ್ಲಿ ಗಣಿತ ಹೇಳಿಕೊಟ್ಟವರು, ನಿವೃತ್ತರಾಗಿ ಹನ್ನೆರಡು ವರ್ಷವಾಗಿದೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಬೆವರುತ್ತಾ ಅಂಗಡಿಗೆ ಬಂದರು. ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. "ಬೇಗ ಒಂದು ಚಾರ್ಜರ್ ಕೊಡು, ಇಲ್ಲೇ ಹಾಕು, ಫೋನ್ ಆಫ್ ಆಗಬಾರದು" ಎಂದರು. ಬ್ಯಾಟರಿ ನಾಲ್ಕು ಪ್ರತಿಶತವಿತ್ತು. ಪರದೆಯಲ್ಲಿ ವಿಡಿಯೊ ಕರೆ, ಅತ್ತ ಕಡೆ ಖಾಕಿ ತೊಟ್ಟ ಒಬ್ಬ ಮನುಷ್ಯ, ಹಿಂದೆ ಗೋಡೆಯ ಮೇಲೆ ಒಂದು ಲಾಂಛನ.

ಮಾಸ್ತರರು ನನ್ನ ಮುಖವನ್ನೇ ನೋಡಲಿಲ್ಲ. ಅವರ ಕೈ ನಡುಗುತ್ತಿತ್ತು. ನಾನು "ಕೊಡಿ ಸರ್" ಎಂದು ಫೋನ್ ತೆಗೆದುಕೊಂಡೆ, ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿದೆ.

"ಏನು ಮಾಡಿದೆ ನೀನು! ನನ್ನನ್ನು ಹಿಡಿದುಕೊಂಡು ಹೋಗುತ್ತಾರೆ" ಎಂದು ಅವರು ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಗಟ್ಟಿ ಮನುಷ್ಯ ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಅವರ ಆಧಾರ್ ಬಳಸಿ ಯಾರೋ ಕಳುಹಿಸಿದ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಲಾಗಿದೆ, ಕರೆ ಕಡಿಯಬಾರದು, ಹೆಂಡತಿಗೂ ಹೇಳಬಾರದು, ಬ್ಯಾಂಕಿಗೆ ಹೋಗಿ ಠೇವಣಿ ಮುರಿದು ನಾವು ಹೇಳಿದ ಖಾತೆಗೆ ಹಾಕಬೇಕು ಎಂದು ಬೆಳಗಿನಿಂದ ಹೆದರಿಸಿದ್ದರು. ಬ್ಯಾಂಕಿನ ದಾರಿಯಲ್ಲಿ ಬ್ಯಾಟರಿ ಮುಗಿಯುತ್ತಾ ಬಂದದ್ದೇ ಅವರ ಪುಣ್ಯ.

ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ 'ಮನದ ಮಾತು' (ಮನ್ ಕೀ ಬಾತ್) ಬಾನುಲಿ ಕಾರ್ಯಕ್ರಮದಲ್ಲಿ ಇದರ ಬಗ್ಗೆ ಎಚ್ಚರಿಸಿದ್ದರು. ಮಾಸ್ತರರು ಆ ಸುದ್ದಿಯನ್ನು ಓದಿಯೂ ಇದ್ದರು! ಆದ್ದರಿಂದ ಓದದವರು, ತಿಳಿಯದವರು ಮಾತ್ರ ಮೋಸ ಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರೆ ನಡೆಯುತ್ತಿರುವಷ್ಟು ಹೊತ್ತು ಯೋಚಿಸಲು ಅವರು ಬಿಡುವುದೇ ಇಲ್ಲ. ಒದ್ದೆ ಬೋರ್ಡಿನಲ್ಲಿ ಕರೆಂಟ್ ಹರಿದಂತೆಯೇ ಅದು, ಹರಿಯುತ್ತಿರುವಷ್ಟು ಹೊತ್ತೂ ಸವೆತ. ಮೊದಲು ಕಡಿಯಬೇಕು. ನಿಜವಾದ ಪೊಲೀಸರಾದರೆ ನೀವು ಫೋನ್ ಆಫ್ ಮಾಡಿದ್ದಕ್ಕೆ ಏನೂ ಆಗುವುದಿಲ್ಲ, ನೋಟಿಸು ಮನೆಗೆ ಬರುತ್ತದೆ.

ಹಣ ಹೋಗಿಯೇ ಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಳೆ ನೋಡೋಣ ಎನ್ನಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಸಿಗುವ ಸಮಯ ಬಹಳ ಕಡಿಮೆ. ಈ ಸಂಖ್ಯೆಯನ್ನು ನಾನು ರಿಪೇರಿ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೇನೆ.

ಮದುವೆಯ ತಿಂಗಳುಗಳಲ್ಲಿ ಇನ್ನೊಂದು ಬಗೆಯ ಮೋಸ. ಪರಿಚಯದವರ ವಾಟ್ಸ್ಆ್ಯಪ್ ಸಂಖ್ಯೆಯಿಂದಲೇ ಮದುವೆಯ ಕರೆಯೋಲೆ ಎಂದು ಒಂದು ಕಡತ ಬರುತ್ತದೆ. ಕರೆಯೋಲೆ ಚಿತ್ರವಾಗಿರುತ್ತದೆ, ಇಲ್ಲವೇ ಪಿಡಿಎಫ್. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಕರೆಯೋಲೆಯಲ್ಲ, ನಿಮ್ಮ ಫೋನಿನೊಳಗೆ ಕುಳಿತು ಸಂದೇಶಗಳನ್ನೂ ಒಟಿಪಿಗಳನ್ನೂ ಓದುವ ಆ್ಯಪ್. ಗೊತ್ತಿಲ್ಲದೆ ಒತ್ತಿದ್ದರೆ ಮೊದಲು ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಸಿಮ್ ಹೊರಗೆ ತೆಗೆಯಿರಿ. ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಆಮೇಲೆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದೇ ಕ್ಷೇಮ.

ನನ್ನ ಅಂಗಡಿಗೆ ದೂರದಿಂದ ಹೆಂಗಸರು ಬರುತ್ತಾರೆ. ಹತ್ತಿರದಲ್ಲೇ ರಿಪೇರಿ ಅಂಗಡಿಯಿದ್ದರೂ ಬರುತ್ತಾರೆ. ಕಾರಣ ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಪಾಸ್‌ವರ್ಡ್ ಕೊಟ್ಟು ಫೋನ್ ಬಿಟ್ಟು ಹೋಗುವುದೆಂದರೆ ಮನೆಯ ಕೀಲಿಕೈ ಕೊಟ್ಟಂತೆ. ಪರದೆ, ಬ್ಯಾಟರಿ, ಪಿನ್ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ, ಕೊನೆಯಲ್ಲಿ ಪರೀಕ್ಷಿಸುವಾಗ ನೀವೇ ಬಂದು ತೆರೆದರೆ ಸಾಕು. ಕೆಲವು ಸ್ಯಾಮ್ಸಂಗ್ ಮತ್ತು ಪಿಕ್ಸೆಲ್ ಫೋನುಗಳಲ್ಲಿ ರಿಪೇರಿಗೆಂದೇ ಒಂದು ಮೋಡ್ ಇದೆ. ಅದನ್ನು ಹಾಕಿಕೊಟ್ಟರೆ ನಮಗೆ ನಿಮ್ಮ ಫೋಟೊ, ಸಂದೇಶ ಯಾವುದೂ ಕಾಣುವುದಿಲ್ಲ. ಇದನ್ನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಅಂಗಡಿಯವರ ಕೈಗೆ ಫೋನ್ ಕೊಡಬೇಡಿ.

ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ ಫೋನ್ ಕಳೆದುಕೊಳ್ಳುವವರಿಗೆ ಲೆಕ್ಕವಿಲ್ಲ. 2024ರ ಜಾತ್ರೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅಳುತ್ತಾ ಬಂದಾಗ ನಾನು ಮೊದಲು ಕೇಳಿದ್ದು ಐಎಂಇಐ, ಎಂದರೆ ಫೋನಿನ ಗುರುತಿನ ಸಂಖ್ಯೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಕಾಣುವ ಹದಿನೈದು ಅಂಕೆಗಳು. ಎರಡು ಸಿಮ್ ಇದ್ದರೆ ಎರಡು ಸಾಲು. ಫೋನ್ ಹೋದ ಮೇಲೆ ಒತ್ತುವುದೆಲ್ಲಿ? ಪುಣ್ಯಕ್ಕೆ ಅವಳ ತಾಯಿ ಫೋನಿನ ಡಬ್ಬವನ್ನು ಸೂಜಿ-ದಾರ ಇಡಲು ಬಳಸುತ್ತಿದ್ದರು, ಅದರ ಮೇಲೆ ಅಂಕೆಗಳಿದ್ದವು. ಪೊಲೀಸರಿಗೆ ದೂರು ಕೊಟ್ಟು, ಅದೇ ಸಂಖ್ಯೆಯ ಹೊಸ ಸಿಮ್ ಪಡೆದು, ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ ಸಾಥಿ ಜಾಲತಾಣದಲ್ಲಿ ಫೋನ್ ನಿರ್ಬಂಧಿಸಿದೆವು. ಹಾಗೆ ಮಾಡಿದರೆ ಯಾವ ಸಿಮ್ ಹಾಕಿದರೂ ದೇಶದ ಯಾವ ಜಾಲದಲ್ಲೂ ಆ ಫೋನ್ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರ ಐಎಂಇಐಗಳನ್ನು ಪಂಚಾಂಗದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದೇವೆ, ವರ್ಷ ಬದಲಾದಾಗ ಹೊಸ ಪಂಚಾಂಗಕ್ಕೆ ನಕಲು ಮಾಡುತ್ತೇವೆ. ಸಿಮ್‌ಗೂ ಒಂದು ಗುಪ್ತ ಪಿನ್ ಸಂಖ್ಯೆ ಹಾಕಿಡಿ. ಕದ್ದವರು ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿ ಪಡೆಯುವುದು ಅದರಿಂದ ತಪ್ಪುತ್ತದೆ.

ಹಾಡುಗಳ ಅಮ್ಮ ಶ್ರಾವಣದಲ್ಲಿ ಮತ್ತೆ ಬಂದರು, ಹೊಸ ಫೋನಿಗೆ ಗಾಜು ಹಾಕಿಸಲು. ಹದಿನಾಲ್ಕು ಹಾಡುಗಳ ಪ್ರತಿ ಈಗ ಇಬ್ಬರು ಹೆಣ್ಣುಮಕ್ಕಳ ಬಳಿಯೂ ಪೆನ್‌ಡ್ರೈವಿನಲ್ಲೂ ಇವೆಯಂತೆ. ಉಳಿದ ಮೂರು ಯಾವುವೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟೂಲಿನ ಮೇಲೆ ಕುಳಿತು ಒಂದನ್ನು ತಾವೇ ಹಾಡಿದರು. ಆಮೇಲೆ ಇನ್ನೊಂದು. ಹೊರಗೆ ಮಳೆಯ ಸದ್ದು ಜೋರಾಗಿದ್ದುದರಿಂದ ಶಟರ್ ಅರ್ಧ ಇಳಿಸಿ ಎರಡನ್ನೂ ದಾಖಲಿಸಿಕೊಂಡೆ, ಅಲ್ಲೇ ಮಗಳಂದಿರಿಗೆ ಕಳುಹಿಸಿದೆ. ಮೂರನೆಯದರ ಮೊದಲ ಸಾಲು ಮಾತ್ರ ಅವರಿಗೆ ನೆನಪಿತ್ತು.